ದಾವಣಗೆರೇಲಿ ಸೀನಿಯರ್ ವಕೀಲರ ಆಫೀಸಿಗೆ ಜೂನಿಯರ್ ಆಗಿ ಸೇರೋದು ಹೆಂಗೆ

ಪ್ರತಿ ವರ್ಷ ಎಲ್‌ಎಲ್‌ಬಿ ರಿಸಲ್ಟ್ ಬಂದ ಕೂಡಲೇ ಹುಡುಗ್ರು ಹುಡುಗೀರು ಕೇಳೋದು ಒಂದೇ, "ಸರ್, ಯಾವ ಆಫೀಸಲ್ಲಾದ್ರೂ ವೇಕೆನ್ಸಿ ಐತಾ?" ಅಂತ. ಇಂಗ್ಲೆಂಡಲ್ಲಿ ಬ್ಯಾರಿಸ್ಟರ್ ಆಗಬೇಕು ಅನ್ನೋರಿಗೆ ಪ್ಯುಪಿಲೇಜ್ ಅಂತ ಒಂದು ವರ್ಷದ ಟ್ರೇನಿಂಗ್ ಐತೆ, ಅದಕ್ಕೆ ವೆಬ್‌ಸೈಟಲ್ಲಿ ಅರ್ಜಿ ಕರೀತಾರೆ, ಕೊನೇ ತಾರೀಕು ಇರ್ತೈತೆ, ನಾಲ್ಕು ಜನ ಕೂತು ಇಂಟರ್‌ವ್ಯೂ ಮಾಡ್ತಾರೆ, ಇಷ್ಟಕ್ಕಿಂತ ಕಮ್ಮಿ ದುಡ್ಡು ಕೊಡಂಗಿಲ್ಲ ಅಂತ ರೂಲ್ ಬೇರೆ. ನಮ್ಮೂರಲ್ಲಿ ಇದ್ಯಾವುದೂ ಇಲ್ಲ. ಯಾರೂ ಬೋರ್ಡ್ ಹಾಕಲ್ಲ, ಪೇಪರಲ್ಲಿ ಕೊಡಲ್ಲ. ಹಂಗಂತ ಇಂಟರ್‌ವ್ಯೂ ಇಲ್ಲ ಅಂದ್ಕೋಬೇಡ್ರಿ, ಐತೆ, ನಿಮಗೆ ಗೊತ್ತಾಗದಂಗೆ ನಡೀತೈತೆ ಅಷ್ಟೇ. ಗುಮಾಸ್ತರ ಹತ್ರ ನೀವು ಹೆಂಗೆ ಮಾತಾಡಿದ್ರಿ ಅನ್ನೋದ್ರಿಂದ ಶುರುವಾಗಿ ಮೊದಲ ಹದಿನೈದು ದಿನ ಫೈಲ್ ಹೆಂಗೆ ಕಟ್ಟಿದ್ರಿ ಅನ್ನೋವರೆಗೂ ಅದು ಇಂಟರ್‌ವ್ಯೂನೇ. ಇದನ್ನ ದಾವಣಗೆರೆ ಲೆಕ್ಕದಲ್ಲಿ ಬರೀತಿದೀನಿ, ಚಿತ್ರದುರ್ಗದೋರಿಗೂ ಹೆಚ್ಚುಕಮ್ಮಿ ಇದೇ, 1997ರವರೆಗೂ ಒಂದೇ ಜಿಲ್ಲೆ ಅಲ್ವಾ.

ಮೊದಲು ಕಾಗದಪತ್ರದ ವಿಷಯ, ಬೇಗ ಮುಗಿಸ್ತೀನಿ. ಆರ್‌ಎಲ್ ಲಾ ಕಾಲೇಜಾಗ್ಲಿ ಬೇರೆ ಯಾವುದೇ ಆಗ್ಲಿ, ಮಾರ್ಕ್ಸ್ ಕಾರ್ಡು, ಪ್ರೊವಿಷನಲ್ ಸರ್ಟಿಫಿಕೇಟು ಕೈಗೆ ಬಂದ ಮೇಲೆ ಬೆಂಗಳೂರಲ್ಲಿರೋ ರಾಜ್ಯ ವಕೀಲರ ಪರಿಷತ್ತಿಗೆ ಎನ್‌ರೋಲ್‌ಮೆಂಟಿಗೆ ಅರ್ಜಿ ಹಾಕಬೇಕು. ಫೀಸಿನ ಬಗ್ಗೆ ಹಳೇ ಸೀನಿಯರ್‌ಗಳು ಹೇಳೋ ಸಾವಿರಾರು ರೂಪಾಯಿ ಲೆಕ್ಕ ಕೇಳಿ ಹೆದರಬೇಡ್ರಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿರೋ ಪ್ರಕಾರ ವಕೀಲರ ಕಾಯ್ದೆ 24ನೇ ಸೆಕ್ಷನ್‌ನಲ್ಲಿ ಇರೋದಕ್ಕಿಂತ ಜಾಸ್ತಿ ತಗೊಳ್ಳಂಗಿಲ್ಲ, ಅಂದ್ರೆ ಒಟ್ಟು 750 ರೂಪಾಯಿ, ಎಸ್‌ಸಿ ಎಸ್‌ಟಿಯೋರಿಗೆ 125, ಸ್ಟ್ಯಾಂಪ್ ಡ್ಯೂಟಿ ಇದ್ರೆ ಅದು ಬೇರೆ. ಐಚ್ಛಿಕ ಅಂತ ಹೆಸರಿಟ್ಟು ವಸೂಲಿ ಮಾಡೋದೂ ಆಗಲ್ಲ ಅಂತ 2025ರಲ್ಲಿ ನಮ್ಮ ರಾಜ್ಯದ ಪರಿಷತ್ತಿನ ಮ್ಯಾಟರ್‌ನಲ್ಲೇ ಹೇಳೈತೆ. ಎನ್‌ರೋಲ್ ಆದ ಎರಡು ವರ್ಷದೊಳಗೆ ಎಐಬಿಇ, ಅಂದ್ರೆ ಅಖಿಲ ಭಾರತ ವಕೀಲರ ಪರೀಕ್ಷೆ, ಪಾಸ್ ಆಗ್ಬೇಕು, ನೂರು ಪ್ರಶ್ನೆ, ಬೇರ್ ಆಕ್ಟ್ (ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ) ಒಳಗೆ ಬಿಡ್ತಾರೆ, ಜನರಲ್ ಮತ್ತು ಒಬಿಸಿಗೆ 45 ಪರ್ಸೆಂಟ್, ಎಸ್‌ಸಿ ಎಸ್‌ಟಿಗೆ 40. ಆಫೀಸ್ ಸೇರೋಕೆ ಇದು ಪಾಸ್ ಆಗಿರಬೇಕು ಅಂತೇನಿಲ್ಲ, ಆದ್ರೆ ಸೀನಿಯರ್ ಕೇಳೇ ಕೇಳ್ತಾರೆ, "ಬರೆದಿಲ್ಲ ಸರ್, ಈ ಸಲ ಬರೀತೀನಿ" ಅಂತ ಹೇಳಿದ್ರೆ ಸಾಕು.

ಈಗ ಅಸಲಿ ವಿಷಯ, ಯಾರ ಆಫೀಸು. ಇಲ್ಲಿ ಬಹಳ ಜನ ದಾರಿ ತಪ್ಪೋದು ಎಲ್ಲಿ ಅಂದ್ರೆ, ಮಾವನ ಸ್ನೇಹಿತರು, ಊರಿನ ಗೌಡ್ರಿಗೆ ಪರಿಚಯ, ನಮ್ಮ ಜನ, ಅಂತ ಹೋಗಿ ಯಾವುದೋ ಆಫೀಸಲ್ಲಿ ಕೂತುಬಿಡ್ತಾರೆ. ಪರಿಚಯ ಬೇಡ ಅಂತಿಲ್ಲ, ಅದು ಬಾಗಿಲು ತೆಗೆಸೋಕೆ ಬೇಕು, ಆದ್ರೆ ಯಾವ ಬಾಗಿಲು ಅಂತ ನೀವೇ ನೋಡ್ಕೋಬೇಕು. ಹೆಂಗೆ ಅಂದ್ರೆ, ಒಂದಷ್ಟು ದಿನ ಬೆಳಗ್ಗೆ ಹನ್ನೊಂದಕ್ಕೆ ಜಿಲ್ಲಾ ಕೋರ್ಟಿಗೆ ಹೋಗಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂರ್ರಿ. ಕಾಲ್ ವರ್ಕ್, ಅಂದ್ರೆ ಅವತ್ತಿನ ಕೇಸ್‌ಗಳನ್ನ ಒಂದೊಂದಾಗಿ ಕೂಗೋದು, ನಡೆಯುವಾಗ ಯಾವ ಸೀನಿಯರ್ ಕೇಸಿಗೆ ಯಾರು ಎದ್ದು ನಿಲ್ತಾರೆ ನೋಡ್ರಿ. ಜೂನಿಯರ್ ಎದ್ದು "ಸಮಯ ಬೇಕು ಸ್ವಾಮಿ" ಅಂತ ಮಾತ್ರ ಹೇಳ್ತಾನಾ, ಇಲ್ಲಾ ಐಎ (ಮಧ್ಯಂತರ ಅರ್ಜಿ) ಮೇಲೆ ಎರಡು ಮಾತಾದ್ರೂ ವಾದ ಮಾಡ್ತಾನಾ? ಜಡ್ಜ್ ಸಾಹೇಬ್ರು ಏನಾದ್ರೂ ಕೇಳಿದ್ರೆ ಅವನಿಗೆ ಫೈಲಲ್ಲಿ ಏನೈತೆ ಅಂತ ಗೊತ್ತಾ? ಮಧ್ಯಾಹ್ನ ಸಾಕ್ಷಿ ಕ್ರಾಸ್ (ಪಾಟೀಸವಾಲು) ಮಾಡುವಾಗ ಸೀನಿಯರ್ ಪಕ್ಕದಲ್ಲಿ ಜೂನಿಯರ್ ಕೂತು ಬರ್ಕೋತಾ ಇದಾನಾ, ಇಲ್ಲಾ ಹೊರಗೆ ಡೇಟ್ ಹಿಡಿಯೋಕೆ ಓಡ್ತಾ ಇದಾನಾ? ಇಷ್ಟು ನೋಡಿದ್ರೆ ಆ ಆಫೀಸಲ್ಲಿ ಐದು ವರ್ಷ ಆದ ಮೇಲೆ ನೀವು ಏನಾಗಿರ್ತೀರಿ ಅಂತ ಕಣ್ಣಿಗೆ ಕಟ್ಟಿದಂಗೆ ಗೊತ್ತಾಗ್ತೈತೆ.

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿ ಹುಡುಕಬಹುದು, ಇದನ್ನ ಬಹಳ ಹೊಸಬರು ಮಾಡಲ್ಲ. ಹೆಸರು ಹಾಕಿದ್ರೆ ಅವರ ಕೇಸ್‌ಗಳೆಲ್ಲ ಬರ್ತಾವೆ. ಓಎಸ್ ಅಂದ್ರೆ ಸಿವಿಲ್ ದಾವೆ, ಎಂವಿಸಿ ಅಂದ್ರೆ ಆಕ್ಸಿಡೆಂಟ್ ಕ್ಲೇಮು, ಸಿಸಿ ಅಂದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕ್ರಿಮಿನಲ್, ಎಸ್‌ಸಿ ಅಂದ್ರೆ ಸೆಷನ್ಸ್ ಕೇಸು, ಎಂಸಿ ಅಂದ್ರೆ ಗಂಡಹೆಂಡ್ರ ಕೇಸು, ಆರ್‌ಎ ಅಂದ್ರೆ ಅಪೀಲು, ಇಎಕ್ಸ್ ಅಂದ್ರೆ ಡಿಕ್ರಿ ಜಾರಿ. ಹೈವೇ ಪಕ್ಕದ ಜಿಲ್ಲೆ ನಮ್ದು, ಆಕ್ಸಿಡೆಂಟ್ ಕ್ಲೇಮ್ ಒಂದನ್ನೇ ನಡೆಸೋ ಆಫೀಸ್‌ಗಳೂ ಅದಾವೆ, ದುಡ್ಡು ಬೇಗ ಕಾಣ್ತೈತೆ, ಆದ್ರೆ ನಾಲ್ಕು ವರ್ಷ ಅಲ್ಲೇ ಇದ್ರೆ ಒಂದು ಪಾಲು ದಾವೆ ಡ್ರಾಫ್ಟ್ ಮಾಡು ಅಂದ್ರೆ ಕೈ ನಡುಗ್ತೈತೆ. ಭದ್ರಾ ನೀರಿನ ಊರುಗಳು, ಹೊನ್ನಾಳಿ ಹರಿಹರ ಚನ್ನಗಿರಿ ಕಡೆ ಜಮೀನು ಕೇಸು ತೀರದಷ್ಟು ಇರ್ತಾವೆ, ಗದ್ದೆ ತೋಟಕ್ಕೆ ರೇಟ್ ಬಂದಷ್ಟೂ ಅಣ್ಣತಮ್ಮಂದ್ರ ದಾವೆ ಜಾಸ್ತಿ. ನನ್ನ ಕೇಳಿದ್ರೆ ಹೊಸಬರಿಗೆ ಓಎಸ್ ಜಾಸ್ತಿ ಇರೋ, ಜೊತೆಗೆ ಸ್ವಲ್ಪ ಕ್ರಿಮಿನಲ್ಲೂ ಇರೋ ಆಫೀಸೇ ಸರಿ.

ದೊಡ್ಡ ಹೆಸರಿನ ಆಫೀಸ್ ಬೇಕೇ ಬೇಕು ಅಂತ ಹಠ ಬೇಡ. ಐದನೇ ಜೂನಿಯರ್ ಆಗಿ ಹೋದ್ರೆ ನಿಮ್ಮ ಮೇಲೆ ನಾಲ್ಕು ಜನ, ಡ್ರಾಫ್ಟಿಂಗ್ ನಿಮ್ಮ ತನಕ ಇಳಿಯಲ್ಲ, ಝೆರಾಕ್ಸ್ ಮಾತ್ರ ಇಳೀತೈತೆ. ಹನ್ನೆರಡು ಹದಿನೈದು ವರ್ಷ ಪ್ರಾಕ್ಟೀಸ್ ಆಗಿರೋ, ಇನ್ನೂ ತಾನೇ ಡಿಕ್ಟೇಟ್ ಮಾಡೋ, ಒಬ್ಬರೋ ಇಬ್ಬರೋ ಜೂನಿಯರ್ ಇರೋ ಸೀನಿಯರ್ ಸಿಕ್ಕಿದ್ರೆ ಕಣ್ಮುಚ್ಚಿ ಸೇರ್ರಿ. ಹತ್ತು ವರ್ಷ ದಾಟಿರೋದು ಇನ್ನೊಂದಕ್ಕೂ ಬೇಕು. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ಜಡ್ಜ್ ಪರೀಕ್ಷೆಗೆ ಕನಿಷ್ಠ ಮೂರು ವರ್ಷ ಪ್ರಾಕ್ಟೀಸ್ ಬೇಕು, ಪ್ರೊವಿಷನಲ್ ಎನ್‌ರೋಲ್‌ಮೆಂಟ್ ದಿನದಿಂದ ಲೆಕ್ಕ, ಅದಕ್ಕೆ ಸರ್ಟಿಫಿಕೇಟ್ ಕೊಡೋ ವಕೀಲರಿಗೆ ಹತ್ತು ವರ್ಷ ಆಗಿರಬೇಕು, ಜಿಲ್ಲೆಯ ಪ್ರಧಾನ ನ್ಯಾಯಾಧೀಶರು ಅದಕ್ಕೆ ಸಹಿ ಹಾಕಬೇಕು. ಅಂದ್ರೆ ಜಡ್ಜ್ ಆಗೋ ಆಸೆ ಇರೋರು ಸುಮ್ನೆ ಹೆಸರಿಗೆ ಒಂದು ಆಫೀಸು ಅಂತ ಸೇರಿ ಮನೇಲಿ ಓದ್ಕೊಂಡು ಕೂತ್ರೆ ನಾಳೆ ಸಹಿ ಕೇಳೋಕೆ ಮುಖ ಇರಲ್ಲ. ನಿಮ್ಮ ಹೆಸರು ವಕಾಲತ್ತಿನಲ್ಲಿ ಹಾಕಿಸ್ಕೊಳ್ರಿ, ದಿನಾ ಯಾವ ಕೋರ್ಟಲ್ಲಿ ಯಾವ ಕೇಸಿಗೆ ನಿಂತ್ರಿ ಅಂತ ಡೈರೀಲಿ ಬರ್ದಿಡ್ರಿ.

ಸರಿ, ಆಫೀಸ್ ಆರಿಸಿದ್ರಿ, ಹೋಗೋದು ಹೆಂಗೆ. ವಾಟ್ಸಾಪಲ್ಲಿ ರೆಸ್ಯೂಮ್ ಪಿಡಿಎಫ್ ಕಳಿಸಿ "ರೆಸ್ಪೆಕ್ಟೆಡ್ ಸರ್" ಅಂತ ಹಾಕೋದು ಬೇಡ, ಪಾರ್ಟಿಗಳ (ಕಕ್ಷಿದಾರರ) ಪಹಣಿ ಫೋಟೋ, ಗುಡ್ ಮಾರ್ನಿಂಗ್ ಮೆಸೇಜ್ ಮಧ್ಯೆ ಅದು ಎಲ್ಲಿ ಹೋಯ್ತು ಅಂತ ಅವರಿಗೂ ಗೊತ್ತಾಗಲ್ಲ. ಬೆಳಗ್ಗೆ ಹತ್ತೂವರೆಗೆ ಹೋಗ್ಬೇಡ್ರಿ, ಅವತ್ತಿನ ಕ್ರಾಸ್‌ಗೆ ರೆಡಿ ಆಗ್ತಿರ್ತಾರೆ. ಕೋರ್ಟ್ ವರಾಂಡದಲ್ಲಿ ಗೌನ್ ಹಾಕ್ಕೊಂಡು ಒಂದು ಹಾಲ್‌ನಿಂದ ಇನ್ನೊಂದು ಹಾಲ್‌ಗೆ ಓಡ್ತಿರುವಾಗ ಅಡ್ಡ ನಿಂತು ಕೇಳಬೇಡ್ರಿ. ಭಾನುವಾರ ಬೆಳಗ್ಗೆ ಹತ್ತು ಹನ್ನೊಂದರ ಹೊತ್ತು ಬಹಳ ಆಫೀಸ್ ತೆಗೆದಿರ್ತಾವೆ, ಹಳ್ಳಿ ಪಾರ್ಟಿಗಳು ಅವತ್ತೇ ಬರೋದು, ಆದ್ರೂ ಸೀನಿಯರ್ ಸ್ವಲ್ಪ ಆರಾಮಾಗಿರ್ತಾರೆ. ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೇಲಿ ಸಿವಿಲ್ ಕೋರ್ಟ್ ಇರಲ್ಲ, ಆಗ ಹೋಗಿ ಮಾತಾಡಿದ್ರೆ ಜೂನ್‌ನಿಂದ ಬಾ ಅನ್ನೋಕೆ ಅವರಿಗೂ ಅನುಕೂಲ.

ಮೊದಲು ಗುಮಾಸ್ತರನ್ನ ಮಾತಾಡಿಸ್ರಿ. ಇದನ್ನ ನಾಟಕಕ್ಕೆ ಹೇಳ್ತಿಲ್ಲ. ಇಪ್ಪತ್ತು ವರ್ಷ ಅದೇ ಆಫೀಸಲ್ಲಿರೋ ಗುಮಾಸ್ತರಿಗೆ ಯಾವ ಫೈಲ್ ಯಾವ ಕಟ್ಟಿನಲ್ಲಿ ಐತೆ, ಯಾವ ಸೆಕ್ಷನ್‌ನಲ್ಲಿ ಯಾರಿಗೆ ಹೇಳಿದ್ರೆ ಕಾಪಿ ಬೇಗ ಬರ್ತೈತೆ, ಸೀನಿಯರ್ ಮೂಡ್ ಯಾವಾಗ ಸರಿ ಇರಲ್ಲ, ಎಲ್ಲಾ ಗೊತ್ತು. "ಅಣ್ಣಾ, ನಾನು ಇಂಥಾ ಊರಿನೋನು, ಈ ವರ್ಷ ಲಾ ಮುಗೀತು, ಸಾಹೇಬ್ರನ್ನ ನೋಡ್ಬೇಕಿತ್ತು, ಯಾವಾಗ ಬಂದ್ರೆ ಸಿಗ್ತಾರೆ" ಅಂದ್ರೆ ಸಾಕು. ನೀವು ಹೋದ ಮೇಲೆ ಸೀನಿಯರ್ ಅವರನ್ನೇ ಕೇಳ್ತಾರೆ, "ಹುಡುಗ ಹೆಂಗೆ ಕಾಣ್ತಾನಯ್ಯ?" ಅಂತ. ವಕೀಲ ಅನ್ನೋ ಜಂಬದಲ್ಲಿ ಅವರನ್ನ ಏಕವಚನದಲ್ಲಿ ಕರೆದೋರು ಎರಡನೇ ಸಲ ಸೀನಿಯರ್ ಮುಖ ನೋಡಿದ್ದು ನಾನಂತೂ ಕಂಡಿಲ್ಲ.

ರೆಸ್ಯೂಮ್ ಒಂದೇ ಪುಟ ಇರ್ಲಿ. ಎನ್‌ರೋಲ್‌ಮೆಂಟ್ ನಂಬರ್, ಊರು, ಓದು, ಫೋನ್ ನಂಬರ್. ಮೂಟ್ ಕೋರ್ಟಲ್ಲಿ ಗೆದ್ದ ಕಪ್ ಬಗ್ಗೆ ಒಂದು ಸಾಲು ಸಾಕು, ಅರ್ಧ ಪುಟ ಬೇಡ. ಅದರ ಬದಲು ಇಲ್ಲಿ ಕೆಲಸಕ್ಕೆ ಬರೋದು ಬರೀರಿ, ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಟೈಪಿಂಗ್ ಬರ್ತೈತಾ, ಇ-ಫೈಲಿಂಗ್ ನೋಡಿದೀರಾ, ಬೈಕ್ ಐತಾ, ಯಾವ ಭಾಷೆ ಬರ್ತೈತೆ. ಭಾಷೆ ಅಂದಾಗ ಇಂಗ್ಲಿಷ್ ಹಿಂದಿ ಅಂತ ಮಾತ್ರ ಬರೀಬೇಡ್ರಿ. ದಾವಣಗೆರೆ ಟೌನಲ್ಲಿ ಉರ್ದು ಮಾತಾಡೋ ಪಾರ್ಟಿ ಬಹಳ, ತಾಂಡಾಗಳಿಂದ ಬರೋ ಅಜ್ಜಿಯರಿಗೆ ಲಂಬಾಣಿಯಲ್ಲೇ ಕೇಳಿದ್ರೆ ನಿಜ ಹೊರಗೆ ಬರೋದು, ಚಳ್ಳಕೆರೆ ಮೊಳಕಾಲ್ಮೂರು ಕಡೆ ತೆಲುಗು ಬೇಕು. ಮನೇಲಿ ಮಾತಾಡೋ ಭಾಷೆ ಅಂತ ಸಂಕೋಚ ಪಟ್ಕೊಂಡು ಮುಚ್ಚಿಡೋರೇ ಜಾಸ್ತಿ, ಸೀನಿಯರ್‌ಗೆ ಬೇಕಾಗಿರೋದೇ ಅದು. ಇನ್ನು ಕನ್ನಡ ಟೈಪಿಂಗ್ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಇಲ್ಲಿನ ಕೋರ್ಟ್‌ಗಳಲ್ಲಿ ದಾವೆ, ತಕರಾರು, ಅಫಿಡವಿಟ್ ಕನ್ನಡದಲ್ಲೇ ಬರೋದು ಜಾಸ್ತಿ, ಡಿಕ್ಟೇಶನ್ ತಗೊಂಡು ತಪ್ಪಿಲ್ಲದೆ ಟೈಪ್ ಮಾಡೋ ಜೂನಿಯರ್‌ನ ಯಾರೂ ಬಿಟ್ಟುಕೊಡಲ್ಲ. ಒಂದೆರಡು ತಿಂಗಳು ಟೈಪಿಂಗ್ ಕ್ಲಾಸಿಗೆ ಹೋಗಿ ಕಲೀರಿ, ಡ್ರಾಫ್ಟಿಂಗ್ ಅರ್ಧ ಅಲ್ಲೇ ಬಂದುಬಿಡ್ತೈತೆ.

ಇಂಟರ್‌ವ್ಯೂ ಅಂದ್ರೆ ಎಸಿ ರೂಮು, ಶೇಕ್‌ಹ್ಯಾಂಡು ಅಂತೆಲ್ಲ ಯೋಚಿಸ್ಬೇಡ್ರಿ. ಸಂಜೆ ಏಳಕ್ಕೆ, ಸುತ್ತ ಆರು ಜನ ಪಾರ್ಟಿ ಕೂತಿರ್ತಾರೆ, ಅವರ ಮುಂದೇನೇ ಕೇಳ್ತಾರೆ, "ಯಾವೂರಪ್ಪ, ತಂದೆ ಏನ್ಮಾಡ್ತಾರೆ, ಜಮೀನು ಎಷ್ಟೈತೆ, ಎಲ್ಲಿ ಉಳ್ಕೊಂಡಿದೀಯ?" ಇದು ಕುಶಲೋಪರಿ ಅನ್ನಿಸಿದ್ರೂ ಇದ್ರಲ್ಲಿ ಲೆಕ್ಕ ಐತೆ, ದುಡ್ಡಿಲ್ಲದೆ ಎಷ್ಟು ದಿನ ತಡ್ಕೋತಾನೆ, ರಾತ್ರಿ ಒಂಬತ್ತರವರೆಗೆ ಆಫೀಸಲ್ಲಿ ಇರೋಕೆ ಆಗ್ತೈತಾ ಅಂತ ತಿಳ್ಕೊಳ್ಳೋಕೆ. ಇದ್ದಿದ್ದು ಇದ್ದಂಗೆ ಹೇಳ್ರಿ. ಮುಂದೆ "ಜಡ್ಜ್ ಎಕ್ಸಾಮ್ ಬರೀತೀಯಾ?" ಅಂತ ಬರ್ತೈತೆ. ಇಲ್ಲ ಅಂತ ಸುಳ್ಳು ಹೇಳೋರು ಬಹಳ. ಆರು ತಿಂಗಳಿಗೆ ನಿಮ್ಮ ಬ್ಯಾಗಲ್ಲಿ ಗೈಡ್ ಕಂಡ್ರೆ ಅವತ್ತಿಂದ ಫೈಲ್ ಕೊಡೋದು ನಿಲ್ತೈತೆ. "ಬರೀತೀನಿ ಸರ್, ಆದ್ರೆ ಮೂರು ವರ್ಷ ಪ್ರಾಕ್ಟೀಸ್ ಬೇಕಲ್ಲ, ಆ ಮೂರು ವರ್ಷ ಪೂರ್ತಿ ಇಲ್ಲೇ ಕೆಲಸ ಮಾಡ್ತೀನಿ" ಅಂದ್ರೆ ಯಾವ ಸೀನಿಯರ್‌ಗೂ ಬೇಜಾರಾಗಲ್ಲ, ಮೂರು ವರ್ಷ ಒಬ್ಬ ಜೂನಿಯರ್ ನಿಂತ್ರೆ ಅದೇ ದೊಡ್ಡದು ಈ ಕಾಲದಲ್ಲಿ.

ಆಮೇಲೆ ಟೇಬಲ್ ಮೇಲಿಂದ ಒಂದು ಫೈಲ್ ಎತ್ತಿ ಕೊಡ್ತಾರೆ. "ಇದನ್ನ ನೋಡಿ ಏನು ಕೇಸು ಹೇಳು." ಇದಕ್ಕೆ ತಯಾರಿ ಬೇಕು. ಮೊದಲ ಪುಟದಿಂದ ಓದ್ತಾ ಹೋಗ್ಬೇಡ್ರಿ, ಅಷ್ಟು ಟೈಮ್ ಇರಲ್ಲ. ದಾವೆಯ ಕೊನೇಲಿ ಪ್ರಾರ್ಥನೆ ಇರ್ತೈತಲ್ಲ, ಏನು ಕೇಳಿದಾರೆ ಅನ್ನೋದು, ಅದನ್ನ ಮೊದಲು ಓದ್ರಿ. ಆಮೇಲೆ ಷೆಡ್ಯೂಲ್, ಯಾವ ಆಸ್ತಿ. ಆಮೇಲೆ ರಿಟನ್ ಸ್ಟೇಟ್‌ಮೆಂಟಲ್ಲಿ ಎದುರಿನೋರು ಏನಂತಾರೆ. ಕೊನೆಗೆ ಆರ್ಡರ್ ಶೀಟ್ ತೆಗೆದು ಯಾವ ಹಂತದಲ್ಲಿ ಐತೆ. ಯಾರು, ಯಾರ ಮೇಲೆ, ಏನಕ್ಕೆ, ಈಗ ಎಲ್ಲಿಗೆ ಬಂತು, ಇಷ್ಟನ್ನ ನಾಲ್ಕು ವಾಕ್ಯದಲ್ಲಿ ಹೇಳಿದ್ರೆ ಮುಗೀತು.

ನಮ್ಮ ಕಡೆ ಜಾಸ್ತಿ ಸಿಗೋದು ಪಾಲಿನ ದಾವೆ, ಅದಕ್ಕೆ ಒಂದು ಉದಾಹರಣೆ ಹೇಳ್ತೀನಿ, ಊರು ಹೆಸರು ಬೇಡ. ಅಪ್ಪ ತೀರ್ಕೊಂಡಿದಾರೆ, ಪಿತ್ರಾರ್ಜಿತ ಜಮೀನು, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಗಂಡುಮಕ್ಕಳು 2010ರಲ್ಲಿ ಬಿಳಿ ಹಾಳೇಲಿ ಪಾಲುಪಟ್ಟಿ ಬರ್ಕೊಂಡು ಖಾತೆ ಮಾಡಿಸ್ಕೊಂಡಿದಾರೆ, ಈಗ ಮಗಳು ದಾವೆ ಹಾಕಿದಾಳೆ. ಸೀನಿಯರ್ ಕೇಳೋದು, "ಆಗ್ಲೇ ಪಾಲಾಗೈತಲ್ಲ, ಇವಳಿಗೇನು ಸಿಗ್ತೈತೆ?" ಹಿಂದೂ ಉತ್ತರಾಧಿಕಾರ ಕಾಯ್ದೆ 6ನೇ ಸೆಕ್ಷನ್‌ಗೆ 2005ರ ತಿದ್ದುಪಡಿ ಆದ ಮೇಲೆ ಮಗಳೂ ಹುಟ್ಟಿನಿಂದಲೇ ಪಾಲುದಾರಳು, ಹಳೇ ಪಾಲು ಉಳೀಬೇಕಂದ್ರೆ ಅದು 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿರಬೇಕು, ರಿಜಿಸ್ಟರ್ ಆಗಿರಬೇಕು ಇಲ್ಲಾ ಕೋರ್ಟ್ ಡಿಕ್ರಿ ಇರಬೇಕು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ ವಿನೀತಾ ಶರ್ಮಾ ಕೇಸಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳೈತೆ. ಇಷ್ಟು ಹೇಳಿದ್ರೆ ಸೀನಿಯರ್ ಕನ್ನಡಕ ತೆಗೆದು ಒಂದ್ಸಲ ನಿಮ್ಮನ್ನ ನೋಡ್ತಾರೆ. ಗೊತ್ತಿಲ್ಲದಿದ್ರೆ "ಸೆಕ್ಷನ್ 6 ನೋಡಿ ಹೇಳ್ತೀನಿ ಸರ್, ಬೇರ್ ಆಕ್ಟ್ ಐತಾ" ಅಂತ ಕೇಳಿದ್ರೂ ತಪ್ಪಿಲ್ಲ, ಯಾವ ಪುಸ್ತಕ ತೆಗೀಬೇಕು ಅಂತ ಗೊತ್ತಿರೋನು ಸಿಕ್ಕಿದ್ರೂ ಸಾಕಾಗಿರ್ತೈತೆ ಅವರಿಗೆ.

ಅದೇ ಫೈಲಲ್ಲಿ ಪಹಣಿ ಇರ್ತೈತೆ. "ಇದ್ರಲ್ಲಿ ಮಾಲೀಕ ಯಾರು, ಸಾಲ ಐತಾ?" ಅಂದ್ರೆ ಲಾ ಕಾಲೇಜಲ್ಲಿ ರ‍್ಯಾಂಕ್ ತಗೊಂಡೋರೂ ಪಿಳಿಪಿಳಿ ಕಣ್ ಬಿಡ್ತಾರೆ, ರೈತರ ಮನೆ ಹುಡುಗರು ಟಕ್ ಅಂತ ಹೇಳ್ತಾರೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಹೆಂಗೆ ಬಂತು ಅಂತ, ಮ್ಯುಟೇಶನ್ ನಂಬರ್ ಸಮೇತ, 11ರಲ್ಲಿ ಬ್ಯಾಂಕು ಸೊಸೈಟಿ ಸಾಲದಂಥ ಋಣ, 12ರಲ್ಲಿ ಸಾಗುವಳಿ ಮಾಡೋರು. ಮನೇಲಿ ಜಮೀನಿದ್ರೆ ನಿಮ್ಮದೇ ಪಹಣಿ, ಎಂಆರ್ (ಮ್ಯುಟೇಶನ್ ದಾಖಲೆ), ಇಸಿ (ಋಣಭಾರ ಪತ್ರ) ತೆಗೆಸಿ ಒಂದು ಸಂಜೆ ಕೂತು ನೋಡ್ರಿ, ಇಲ್ಲದಿದ್ರೆ ಗೆಳೆಯರದ್ದು ತಗೊಳ್ರಿ.

ಕ್ರಿಮಿನಲ್ ಆಫೀಸಾದ್ರೆ ಹೊಸ ಕಾಯ್ದೆ ಹಿಡಿದು ಕೇಳ್ತಾರೆ. 2024ರ ಜುಲೈ 1ರಿಂದ ಐಪಿಸಿ ಬದಲು ಬಿಎನ್‌ಎಸ್, ಸಿಆರ್‌ಪಿಸಿ ಬದಲು ಬಿಎನ್‌ಎಸ್‌ಎಸ್ ಬಂದಿರೋದು ಗೊತ್ತಿರ್ತೈತೆ, ಆದ್ರೆ 482 ಅಂದ್ರೆ ಏನು ಅಂತ ಕೇಳಿದಾಗ ಎಡವ್ತಾರೆ. ಸಿಆರ್‌ಪಿಸಿಯ 482 ಹೈಕೋರ್ಟಿನ ಅಂತರ್ಗತ ಅಧಿಕಾರ, ಅದು ಈಗ 528. ಬಿಎನ್‌ಎಸ್‌ಎಸ್‌ನ 482 ನಿರೀಕ್ಷಣಾ ಜಾಮೀನು, ಹಳೇ 438. ರೆಗ್ಯುಲರ್ ಬೇಲ್‌ನ ಹಳೇ 439 ಈಗ 483. ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಇನ್ನೂ ಐಪಿಸಿನೇ, ಇದನ್ನ ನೀವಾಗಿ ಹೇಳಿದ್ರೆ ಒಳ್ಳೇದು.

ಇನ್ನೊಂದು ಖಾಯಂ ಪ್ರಶ್ನೆ ಚೆಕ್ ಬೌನ್ಸು, ಅದೂ ತಾರೀಕಿನ ಲೆಕ್ಕ. ಬ್ಯಾಂಕ್ ಮೆಮೊ ಕೈಗೆ ಬಂದಿದ್ದು ಮಾರ್ಚ್ 3 ಅಂತ ಇಟ್ಕೊಳ್ರಿ, ಮೂವತ್ತು ದಿನದೊಳಗೆ ನೋಟಿಸ್ ಕೊಡಬೇಕು, ಅಂದ್ರೆ ಏಪ್ರಿಲ್ 2. ನೋಟಿಸ್ ಮಾರ್ಚ್ 20ಕ್ಕೆ ತಲುಪ್ತು, ಹದಿನೈದು ದಿನ ದುಡ್ಡು ಕಟ್ಟೋಕೆ ಟೈಮು, ಏಪ್ರಿಲ್ 4ಕ್ಕೆ ಮುಗೀತು. ಏಪ್ರಿಲ್ 5ಕ್ಕೆ ವ್ಯಾಜ್ಯಕಾರಣ ಹುಟ್ತು, ಅಲ್ಲಿಂದ ಒಂದು ತಿಂಗಳು, ಮೇ 5 ಕೊನೆ. ಮೇ 4 ಅಂದ್ರೆ ನಕ್ಕು ಬಿಡ್ತಾರೆ, ಮೇ 6 ಅಂದ್ರೆ ಬೈತಾರೆ, ಯಾಕಂದ್ರೆ ಒಂದು ದಿನ ತಡ ಆದ್ರೂ ವಿಳಂಬ ಮನ್ನಾ ಅರ್ಜಿ ಹಾಕ್ಕೊಂಡು ಒದ್ದಾಡೋರು ಅವರೇ.

ದುಡ್ಡಿನ ಮಾತು. ಇದನ್ನ ಕೇಳೋಕೆ ಎಲ್ಲರಿಗೂ ನಾಚಿಕೆ, ಕೊಡೋರಿಗೂ ಅಷ್ಟೇ. ಅಕ್ಟೋಬರ್ 2024ರಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಕಳಿಸ್ತು, ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಬೇಕು ಅಂತ. ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಜಿಲ್ಲಾ ಕೋರ್ಟಿನ ಆಫೀಸ್‌ಗಳಲ್ಲಿ ಆ ಮಟ್ಟಕ್ಕೆ ಕೊಡೋರು ಅಪರೂಪ, ಶುರುವಿನಲ್ಲಿ ಏನೂ ಕೊಡದೆ ಇರೋರೂ ಇದಾರೆ, ಪೆಟ್ರೋಲಿಗೆ ಅಂತ ಆಗಾಗ ಜೇಬಿಂದ ತೆಗೆದು ಕೊಡೋರು ಜಾಸ್ತಿ. ಸೀನಿಯರ್ ಸಂಸಾರವೂ ಪಾರ್ಟಿ ಕೊಡೋ ಫೀಸಲ್ಲೇ ನಡೀಬೇಕು, ಅದು ಅಡಿಕೆ ಮಾರಿದ ಮೇಲೆ ಬರ್ತೈತೆ, ನಿಜಾನೇ. ಆದ್ರೂ ಕೇಳ್ಲೇಬೇಕು ಅಂತೀನಿ ನಾನು. ಮೊದಲ ಭೇಟೀಲಿ ಬೇಡ, ಬಾ ಅಂತ ಹೇಳಿದ ಮೇಲೆ ಕೇಳ್ರಿ, ಪಾರ್ಟಿಗಳು ಇಲ್ಲದಾಗ. "ಸರ್, ಕಲಿಯೋಕೇ ಬರ್ತಿರೋದು, ಆದ್ರೆ ಮನೆ ಕಡೆಯಿಂದ ತರ್ಸ್ಕೊಳ್ಳೋ ಪರಿಸ್ಥಿತಿ ಇಲ್ಲ, ರೂಮ್ ಬಾಡಿಗೆ ಊಟಕ್ಕೆ ಆಗೋಷ್ಟು ತಿಂಗಳಿಗೆ ಇಷ್ಟು ಅಂತ ಇದ್ರೆ ಅನುಕೂಲ" ಅಂತ ನೇರ ಹೇಳ್ರಿ. ಕೊಡಲ್ಲ ಅಂತ ನೇರ ಹೇಳೋರೂ ವಾಸಿ, ಆಗ ಆರು ತಿಂಗಳಾದ ಮೇಲೆ ಸಣ್ಣಪುಟ್ಟ ಸ್ವಂತ ಕೇಸ್ ತಗೋಬಹುದಾ, ಚೆಕ್ ಬೌನ್ಸ್, ಜಾಮೀನು ಅಂಥವು, ಅಂತ ಕೇಳ್ರಿ. ಎರಡಕ್ಕೂ ಇಲ್ಲ ಅನ್ನೋರ ಹತ್ರ ಹೋಗ್ಬೇಡ್ರಿ, ಎಷ್ಟು ದೊಡ್ಡ ಹೆಸರಾದ್ರೂ ಸರಿ. ಕಲಿಯೋನಿಗೂ ಹೊಟ್ಟೆ ಇರ್ತೈತೆ.

ಹೆಣ್ಣುಮಕ್ಕಳು ಇನ್ನೊಂದಿಷ್ಟು ಕೇಳ್ಕೋಬೇಕು. ಸಂಜೆ ಆಫೀಸ್ ಎಷ್ಟೊತ್ತಿಗೆ ಮುಗೀತೈತೆ, ಜಗಳೂರು ಹೊನ್ನಾಳಿ ಕಡೆ ಬಸ್ ಹಿಡೀಬೇಕಾದ್ರೆ ಏಳಕ್ಕೆ ಬಿಡ್ತಾರಾ, ಆಫೀಸಲ್ಲಿ ಬೇರೆ ಮಹಿಳಾ ಜೂನಿಯರ್ ಇದಾರಾ, ಟಾಯ್ಲೆಟ್ ಐತಾ. ಹಿಂದೆ ಅಲ್ಲಿ ಕೆಲಸ ಮಾಡಿ ಬಿಟ್ಟ ಮೇಡಂ ಯಾರಾದ್ರೂ ಇದ್ರೆ ಅವರನ್ನ ಹುಡುಕಿ ಮಾತಾಡ್ಸಿ ಬರ್ರಿ, ಬಾರ್ ಅಸೋಸಿಯೇಷನ್‌ನಲ್ಲಿ ಒಬ್ಬರನ್ನ ಕೇಳಿದ್ರೆ ಗೊತ್ತಾಗ್ತೈತೆ. "ಲೇಡೀಸ್‌ಗೆ ಎಂಸಿ ಕೇಸ್ ಮಾತ್ರ ಕೊಡೋದು" ಅನ್ನೋ ಆಫೀಸ್ ಆದ್ರೆ ಬೇರೆ ನೋಡ್ರಿ.

ದುಡ್ಡಿಲ್ಲದೆ ನಡೆಯೋದೇ ಇಲ್ಲ ಅನ್ನೋರಿಗೆ ಸರ್ಕಾರದ ದಾರಿನೂ ಐತೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಇಲಾಖೆಗಳಿಂದ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಅಂತ ಕೊಡ್ತಾರೆ, ಸರ್ಕಾರಿ ವಕೀಲರ ಹತ್ರ ಇಲ್ಲಾ ಅನುಭವಿ ವಕೀಲರ ಹತ್ರ ಕಲೀತಾ ತಿಂಗಳ ಭತ್ಯೆ ತಗೋಬಹುದು. ವಯಸ್ಸು, ಆದಾಯ, ಪದವಿ ಮುಗಿದು ಎಷ್ಟು ವರ್ಷ ಅಂತ ಷರತ್ತು ಇರ್ತಾವೆ, ಪ್ರಕಟಣೆ ಲೋಕಲ್ ಪೇಪರಲ್ಲಿ ಒಂದು ಮೂಲೇಲಿ ಬಂದು ಹೋಗ್ತೈತೆ, ಅದಕ್ಕೇ ಜಿಲ್ಲಾ ಕಚೇರಿಗೆ ಹೋಗಿ ಈ ವರ್ಷದ್ದು ಯಾವಾಗ ಕರೀತೀರಿ ಅಂತ ಕೇಳಿ ಬರೋದು ಒಳ್ಳೇದು. ಕ್ರಿಮಿನಲ್ ಕಡೆ ಆಸಕ್ತಿ ಇದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಡಿಫೆನ್ಸ್ ಕೌನ್ಸೆಲ್ ಆಫೀಸಲ್ಲಿ ಅಸಿಸ್ಟೆಂಟ್ ಹುದ್ದೆ ಕರೆದಾಗ ಅರ್ಜಿ ಹಾಕ್ರಿ, ಕಾಂಟ್ರಾಕ್ಟ್ ಮೇಲೆ, ಅಲ್ಲಿ ಮಾತ್ರ ಸರಿಯಾದ ಅರ್ಜಿ, ಸರಿಯಾದ ಇಂಟರ್‌ವ್ಯೂ.

ಬಹಳ ಸಲ ಉತ್ತರ ಹೂಂ ಅಂತಲೂ ಬರಲ್ಲ ಊಹೂಂ ಅಂತಲೂ ಬರಲ್ಲ, "ನೋಡೋಣಪ್ಪ, ಬಾ ಆಗಾಗ" ಅಂತಾರೆ. ಬಾ ಅಂದ್ರೆ ಹೋಗ್ರಿ. ಒಂದು ವಾರ ಬಿಟ್ಟು ಹೋಗಿ, "ಸರ್ ನಾಳೆ ನಿಮ್ಮ ಇಂಥಾ ಕೇಸ್ ಕ್ರಾಸ್ ಐತೆ, ಕೂತು ನೋಡ್ಲಾ?" ಅಂತ ಕೇಳ್ರಿ. ಅದನ್ನ ಬೇಡ ಅನ್ನೋ ಸೀನಿಯರ್ ಕಮ್ಮಿ. ಕ್ರಾಸ್ ಮುಗಿದ ಮೇಲೆ ಸಾಕ್ಷಿ ಒಪ್ಕೊಂಡಿದ್ದು, ನಿರಾಕರಿಸಿದ್ದು ಎರಡೂ ಒಂದು ಹಾಳೇಲಿ ಬರೆದು ಕೊಟ್ಟು ಬರ್ರಿ. ಎರಡು ಮೂರು ಸಲ ಹಿಂಗೆ ಮಾಡಿ ಒಂದು ತಿಂಗಳಾದ್ರೂ ಏನೂ ಹೇಳದಿದ್ರೆ ಅದು ಇಲ್ಲ ಅಂತಾನೇ, ಬೇಜಾರಿಲ್ಲದೆ ಇನ್ನೊಂದು ಆಫೀಸಿಗೆ ಹೋಗ್ರಿ. ಒಂದೇ ಹೊತ್ತಿಗೆ ನಾಲ್ಕು ಆಫೀಸಲ್ಲಿ ಕೇಳೋದು ಮಾತ್ರ ಬೇಡ, ಮಧ್ಯಾಹ್ನ ಬಾರ್ ರೂಮಲ್ಲಿ ಆ ನಾಲ್ಕೂ ಜನ ಒಟ್ಟಿಗೇ ಊಟ ಮಾಡೋದು.

ಸೇರ್ಕೋ ಅಂದ್ರು ಅಂದ್ರೆ ಕೋಟ್ ಹೊಲಿಸೋಕೆ ಹೋಗ್ತೀರಿ. ಕಪ್ಪು ಕೋಟು ಹಗುರ ಬಟ್ಟೇಲಿ ಒಂದು, ಬಿಳಿ ಶರ್ಟ್ ಮೂರು, ಕೊರಳಿಗೆ ಕಟ್ಟೋ ಬಿಳಿ ಬ್ಯಾಂಡ್ ಎರಡು ಜೊತೆ, ಒಂದು ಒಗೆಯೋಕೆ ಹಾಕಿದಾಗ ಇನ್ನೊಂದು. ಗೌನ್‌ಗೆ ಈಗಲೇ ದುಡ್ಡು ಹಾಕ್ಬೇಡ್ರಿ, ಹೈಕೋರ್ಟ್ ಸುಪ್ರೀಂ ಕೋರ್ಟ್ ಬಿಟ್ಟು ಬೇರೆ ಕಡೆ ಗೌನ್ ಕಡ್ಡಾಯ ಅಲ್ಲ ಅಂತ ವಕೀಲರ ಪರಿಷತ್ತಿನ ನಿಯಮದಲ್ಲೇ ಐತೆ, ಹಾಕಿಸೋ ಸೀನಿಯರ್ ಆದ್ರೆ ಆಫೀಸಲ್ಲಿ ಹಳೇದು ಒಂದು ನೇತಾಡ್ತಿರ್ತೈತೆ. ಅದೇ ನಿಯಮದ ಪ್ರಕಾರ ಬೇಸಿಗೇಲಿ ಜಿಲ್ಲೆ ತಾಲೂಕು ಕೋರ್ಟ್‌ಗಳಲ್ಲಿ ಕೋಟೂ ಕಡ್ಡಾಯ ಇಲ್ಲ, ಮಾರ್ಚ್ ಏಪ್ರಿಲ್‌ನ ನಮ್ಮೂರ ಬಿಸಿಲಿಗೆ ಇದು ಗೊತ್ತಿರಬೇಕು, ಆದ್ರೆ ನಿಮ್ಮ ಸೀನಿಯರ್ ತೆಗೆಯೋವರೆಗೂ ನೀವು ತೆಗೀಬೇಡ್ರಿ. ಜೊತೆಗೆ ಒಂದು ವಕೀಲರ ಡೈರಿ, ನಾಲ್ಕು ಬಣ್ಣದ ಪೆನ್ನು, ಸ್ಟೇಪ್ಲರ್ ಪಿನ್ನು, ಟ್ಯಾಗು. ಬೆಳಗ್ಗೆ ಹತ್ತು ಗಂಟೆಯೊಳಗೆ ಆಫೀಸಲ್ಲಿ ಇದ್ದು ಅವತ್ತಿನ ಡೈರಿ ನೋಡಿ ಫೈಲ್‌ಗಳನ್ನ ಕೋರ್ಟ್ ಹಾಲ್ ಪ್ರಕಾರ ಜೋಡ್ಸಿಡ್ರಿ, ಮೊದಲ ದಿನ ಯಾರೂ ಹೇಳ್ಕೊಡಲ್ಲ, ಗುಮಾಸ್ತರನ್ನ ಕೇಳ್ಕೊಂಡು ಮಾಡ್ರಿ.